ಸಹಿ ಹಾಕಿದ ಮೇಲೂ ಬೇಡ ಎಂದರೆ: ಒಂದು ವಿದ್ಯಾರ್ಥಿ ಸಾಕ್ಷ್ಯಚಿತ್ರದ ಪ್ರಕರಣ ಅಧ್ಯಯನ

ಪ್ರಕರಣ ಇಷ್ಟು. ಕೋರ್ಸಿನ ಕೊನೆಯ ವರ್ಷದಲ್ಲಿ ನಾನು ಕೃತಕ ಕಾಲು ತಯಾರಿಸುವ ಕಾರ್ಯಾಗಾರವೊಂದರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೆ. ಚಿತ್ರದಲ್ಲಿ ಮುಖ್ಯವಾಗಿ ಇಬ್ಬರು. ಒಬ್ಬರು ಕಾಲು ಮಾಡುವ ಹಿರಿಯ ತಂತ್ರಜ್ಞರು. ಇನ್ನೊಬ್ಬರು ಅಪಘಾತದಲ್ಲಿ ಮಂಡಿಯ ಕೆಳಗೆ ಕಾಲು ಕಳೆದುಕೊಂಡು, ಕೃತಕ ಕಾಲಿನ ಮೇಲೆ ನಡೆಯಲು ಕಲಿಯುತ್ತಿದ್ದ ಮಹಿಳೆ. ಇಬ್ಬರೂ ಒಪ್ಪಿಗೆ ಪತ್ರ ಓದಿ ಸಹಿ ಹಾಕಿದ್ದರು. 22 ನಿಮಿಷದ ರಫ್ ಕಟ್ (ಚಿತ್ರದ ಮೊದಲ ಕಚ್ಚಾ ಜೋಡಣೆ) ಸಿದ್ಧವಾದ ಮೇಲೆ ಇಬ್ಬರನ್ನೂ ಕೂರಿಸಿ ತೋರಿಸಿದೆ. ಕೆಲವು ದಿನ ಬಿಟ್ಟು ಆ ಮಹಿಳೆ ಫೋನ್ ಮಾಡಿ, ತಮ್ಮ ಭಾಗವನ್ನು ಚಿತ್ರದಿಂದ ತೆಗೆಯಬಹುದೇ ಎಂದು ಕೇಳಿದರು.

ಚಿತ್ರದ ಅರ್ಧಕ್ಕಿಂತ ಹೆಚ್ಚು ಅವರದೇ ಇತ್ತು. ಸಲ್ಲಿಕೆಯ ದಿನ ಹತ್ತಿರ ಬಂದಿತ್ತು. ಮುಂದಿನ ಓದಿಗೆ, ಕೆಲಸಕ್ಕೆ ಅರ್ಜಿ ಹಾಕುವಾಗ ಪೋರ್ಟ್‌ಫೋಲಿಯೊದ ಮೊದಲಲ್ಲೇ ಇಡಬೇಕೆಂದು ನಾನು ಎತ್ತಿಟ್ಟುಕೊಂಡಿದ್ದ ಶಾಟ್ ಕೂಡ ಅವರದೇ. ಆ ಶಾಟ್ ಹೇಗಿತ್ತು ಎಂದು ಇಲ್ಲಿ ವರ್ಣಿಸುವುದಿಲ್ಲ. ಚಿತ್ರದಿಂದ ತೆಗೆದದ್ದನ್ನು ಮಾತಿನಲ್ಲಿ ಮತ್ತೆ ತೋರಿಸಿದರೆ ತೆಗೆದಂತಾಗುವುದಿಲ್ಲ. ಈ ಬರಹದ ಕರಡನ್ನು ಅವರಿಗೆ ಓದಲು ಕೊಟ್ಟಿದ್ದೆ. ಅವರು ಬೇಡವೆಂದ ವಿವರಗಳು ಇಲ್ಲಿಲ್ಲ.

ಕಾರ್ಯಾಗಾರದೊಳಗೆ

ಕೃತಕ ಕಾಲು ಮಾಡುವುದು ಹೊರಗಿನವರು ಊಹಿಸುವುದಕ್ಕಿಂತ ನಿಧಾನದ ಕೆಲಸ. ಕಳೆದುಹೋದ ಕಾಲಿನ ಉಳಿದ ಭಾಗದ ತುದಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದು ಗಟ್ಟಿಯಾಗಲು ಬಿಟ್ಟರೆ ಕಾಲಿನದೇ ಪ್ರತಿರೂಪ ಸಿಗುತ್ತದೆ. ಆಮೇಲೆ ಅದನ್ನು ತಿದ್ದುವ ಕೆಲಸ: ಭಾರ ಹೊರಬಲ್ಲ ಜಾಗದಲ್ಲಿ ಅರ ಹಾಕಿ ಪ್ಲಾಸ್ಟರ್ ಉಜ್ಜಿ ತೆಗೆಯುತ್ತಾರೆ, ಮೂಳೆ ಚರ್ಮಕ್ಕೆ ತೀರಾ ಹತ್ತಿರವಿದ್ದು ಒತ್ತಡ ತಾಳದ ಜಾಗದಲ್ಲಿ ಪ್ಲಾಸ್ಟರ್ ಸೇರಿಸುತ್ತಾರೆ. ಅದರ ಮೇಲೆ ಕಾಯಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಪರೀಕ್ಷೆಯ ಸಾಕೆಟ್, ಅಂದರೆ ಕಾಲು ಒಳಗೆ ಕೂರುವ ಬಟ್ಟಲು, ಮಾಡುತ್ತಾರೆ. ಅದನ್ನು ಹಾಕಿಕೊಂಡು ನಿಂತಾಗ ಒಳಗಿನ ಚರ್ಮ ಎಲ್ಲಿ ಬಿಳಿಚಿಕೊಳ್ಳುತ್ತದೆ ಎಂಬುದು ಹೊರಗಿನಿಂದಲೇ ಕಾಣುತ್ತದೆ. ಬಿಳಿಚಿತೆಂದರೆ ಅಲ್ಲಿ ಒತ್ತಡ ಹೆಚ್ಚಾಯಿತೆಂದು ಅರ್ಥ. ಇಷ್ಟಾದರೂ ಮುಗಿಯುವುದಿಲ್ಲ. ಉಳಿದ ಕಾಲಿನ ಗಾತ್ರ ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ಸಾಕೆಟ್ ಸಡಿಲವಾದಾಗ ಒಂದರ ಮೇಲೊಂದು ಕಾಲುಚೀಲ ಏರಿಸಿ ಸರಿದೂಗಿಸಬೇಕು.

ಸಾಕ್ಷ್ಯಚಿತ್ರಕ್ಕೆ ಬೇಕಾದದ್ದೆಲ್ಲ ಇಲ್ಲಿತ್ತು: ಕೈಕೆಲಸ, ಸದ್ದು, ಕಾಯುವಿಕೆ, ಕೊನೆಯಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೋ ಇಲ್ಲವೋ ಎಂಬ ಪ್ರಶ್ನೆ. ಇಂಥ ವಸ್ತುವನ್ನು ಹಿಡಿದಾಗ ಚಿತ್ರ ತಾನಾಗಿಯೇ ‘ಛಲದ ಕತೆ’ಯ ಕಡೆ ಜಾರುತ್ತದೆ. ನನಗೆ ಅದು ಬೇಡವಾಗಿತ್ತು. ಒಂದು ದೇಹದ ತೊಂದರೆಯನ್ನು ಇನ್ನೊಬ್ಬರು ಎಷ್ಟು ಗಮನವಿಟ್ಟು ನೋಡಬಲ್ಲರು ಎಂಬುದರ ಚಿತ್ರ ಮಾಡಬೇಕೆಂದಿದ್ದೆ. ಮೊದಲ ದಿನವೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ ಈ ಮಾತು ಮುಂದೆ ಎಷ್ಟು ಕೆಲಸಕ್ಕೆ ಬಂತೆಂದು ಹೇಳುತ್ತೇನೆ.

ಕ್ಯಾಮೆರಾವನ್ನು ಎಷ್ಟು ಎತ್ತರದಲ್ಲಿ ಇಡಬೇಕೆಂಬುದರ ಮೇಲೆ ಸಾಕಷ್ಟು ಹೊತ್ತು ಕಳೆದೆವು. ನಡೆಯಲು ಕಲಿಯುವವರು ಹಿಡಿದುಕೊಳ್ಳುವ ಎರಡು ಉದ್ದನೆಯ ಕಂಬಿಗಳಿರುತ್ತವೆ. ನೆಲದ ಮಟ್ಟದಿಂದ ತೆಗೆದರೆ ಕಾಲು ಮಾತ್ರ ಕಂಡು ವೈದ್ಯಕೀಯ ದಾಖಲೆಯಂತಾಗುತ್ತದೆ. ನಿಂತವರ ಕಣ್ಣಿನ ಎತ್ತರದಿಂದ ಕೆಳಕ್ಕೆ ನೋಡಿದರೆ ಅನುಕಂಪದ ನೋಟವಾಗುತ್ತದೆ. ಕಂಬಿಯ ಎತ್ತರಕ್ಕೆ, ಅಂದರೆ ಸೊಂಟದ ಮಟ್ಟಕ್ಕೆ ಇಟ್ಟಾಗ ಮುಖ, ಕೈ, ಹೆಜ್ಜೆ ಮೂರೂ ಒಂದೇ ಚೌಕಟ್ಟಿಗೆ ಬಂದವು. ನಡೆಯುವವರ ಜೊತೆಗೆ, ಅವರನ್ನು ನೋಡುತ್ತಿರುವ ತಂತ್ರಜ್ಞರೂ ಬಂದರು.

ಉಳಿದ ತಾಂತ್ರಿಕ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಳಗೆ ಟ್ಯೂಬ್‌ಲೈಟಿನ ಬೆಳಕು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆ ಮಿನುಗು ಚಿತ್ರದಲ್ಲಿ ಕಾಣದಿರಲೆಂದು ಸೆಕೆಂಡಿಗೆ 25 ಫ್ರೇಮಿನಲ್ಲಿ ತೆಗೆದು ಶಟರ್ 1/50 ಸೆಕೆಂಡಿನಿಂದ ಕದಲಿಸಲಿಲ್ಲ. ಪ್ಲಾಸ್ಟರ್ ಧೂಳಿನ ಭಯಕ್ಕೆ ಒಳಗೆ ಲೆನ್ಸ್ ಬದಲಿಸಲಿಲ್ಲ. ಸದ್ದಿನ ಹೊಣೆ ಹೊತ್ತಿದ್ದು ನನ್ನ ಸಹಪಾಠಿ. ತಂತ್ರಜ್ಞರ ಅಂಗಿಗೆ ಸಣ್ಣ ಮೈಕ್ ಸಿಕ್ಕಿಸಿ, ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕನ್ನು ಮಾತಿನ ಕಡೆಗಲ್ಲ, ನೆಲದ ಕಡೆಗೆ ಹಿಡಿಯೋಣ ಎಂದದ್ದು ಅವಳೇ. ಮಾತು ಅಂಗಿಯ ಮೈಕಿಗೆ ಹೇಗೂ ಬರುತ್ತದೆ, ಹೆಜ್ಜೆಯ ಸದ್ದು ಇನ್ನೊಮ್ಮೆ ಸಿಗುವುದಿಲ್ಲ ಎಂಬುದು ಅವಳ ಲೆಕ್ಕ. ಪ್ರತಿ ಕೋಣೆಯಲ್ಲೂ ಎಲ್ಲರೂ ಸುಮ್ಮನಿದ್ದು ಒಂದೊಂದು ನಿಮಿಷ ಕೋಣೆಯ ಮೌನವನ್ನೂ ಅವಳು ದಾಖಲಿಸಿಕೊಂಡಳು. ಚಿತ್ರ ಉಳಿದದ್ದರಲ್ಲಿ ಅರ್ಧ ಪಾಲು ಅವಳ ಈ ನಿರ್ಧಾರಗಳದು.

ಬೇಡ ಎಂದದ್ದು ಏಕೆ

ರಫ್ ಕಟ್ ಆ ಮಹಿಳೆಗೆ ಇಷ್ಟವಾಗಿತ್ತು. ಇದನ್ನು ಹೇಳಲೇಬೇಕು, ಏಕೆಂದರೆ ಚಿತ್ರದಲ್ಲಿ ತಮ್ಮನ್ನು ಕೆಟ್ಟದಾಗಿ ತೋರಿಸಿದಾಗ ಮಾತ್ರ ಜನ ಹಿಂದೆ ಸರಿಯುತ್ತಾರೆ ಎಂಬ ಭಾವನೆ ನಮ್ಮಲ್ಲಿದೆ. ಅವರ ಕಾರಣ ಬೇರೆ. ಚಿತ್ರೀಕರಣ ಮುಗಿದ ಮೇಲೆ ಅವರಿಗೆ ಹೊಸ ಕೆಲಸ ಸಿಕ್ಕಿತ್ತು. ‘ಅಲ್ಲಿನವರು ನನ್ನನ್ನ ಮೊದಲು ಕೆಲಸದಿಂದ ಗುರುತಿಸಲಿ. ಕಾಲಿನ ವಿಷಯ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ನನ್ನ ಕೈಲಿರಲಿ ತಮ್ಮಾ. ಚಿತ್ರ ಹೊರಗೆ ಬಂದ್ರೆ ಅದು ನನ್ನ ಕೈಲಿರಲ್ಲ’ ಎಂದರು.

ಸಹಿ ಹಾಕಿದಾಗ ಅವರಿದ್ದ ಪರಿಸ್ಥಿತಿ ಬೇರೆ. ಆಗ ಅವರ ದಿನವಿಡೀ ಕಾರ್ಯಾಗಾರ, ವ್ಯಾಯಾಮ, ಆಸ್ಪತ್ರೆ. ಸುತ್ತ ಇದ್ದವರೆಲ್ಲ ವಿಷಯ ಗೊತ್ತಿದ್ದವರೇ. ಆ ದಿನಗಳಲ್ಲಿ ಕ್ಯಾಮೆರಾಕ್ಕೆ ಹೂಂ ಎನ್ನುವುದು ದೊಡ್ಡ ವಿಷಯವಾಗಿರಲಿಲ್ಲ. ಬದುಕು ಮುಂದೆ ಸಾಗಿತು, ಚಿತ್ರ ಮಾತ್ರ ಆ ದಿನಗಳಲ್ಲೇ ನಿಂತಿತ್ತು. ಸಾಕ್ಷ್ಯಚಿತ್ರದ ಒಪ್ಪಿಗೆಯಲ್ಲಿ ನಿಜವಾದ ಕಷ್ಟ ಇದೇ ಎಂದು ನನಗೆ ಅನ್ನಿಸುತ್ತದೆ: ಒಪ್ಪಿಗೆ ಕೊಡುವುದು ಇವತ್ತಿನ ವ್ಯಕ್ತಿ, ಅದರ ಫಲ ಉಣ್ಣುವುದು ಕೆಲವು ವರ್ಷಗಳ ಮೇಲಿನ ವ್ಯಕ್ತಿ.

ಮುಂದಿದ್ದ ದಾರಿಗಳು

ಪತ್ರದ ಪ್ರಕಾರ ಚಿತ್ರೀಕರಿಸಿದ್ದೆಲ್ಲವನ್ನೂ ಬಳಸುವ ಹಕ್ಕು ನನಗಿತ್ತು. ‘ಸಹಿ ಇದೆಯಲ್ಲ, ಮತ್ತೇನು’ ಎಂದವರು ತರಗತಿಯಲ್ಲಿ ಹಲವರಿದ್ದರು, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಧಿಕಾರದಲ್ಲಿರುವವರ ಬಗ್ಗೆ ಚಿತ್ರ ಮಾಡುವಾಗ, ಅವರು ಮುಜುಗರವಾಯಿತೆಂದು ಹಿಂದೆ ಸರಿದರೆ ದೃಶ್ಯ ತೆಗೆಯಬೇಕೇ? ಬೇಡ, ಅಲ್ಲಿ ಸಹಿ ನಿಲ್ಲಬೇಕು. ಸಾರ್ವಜನಿಕ ಹಿತ ಅಲ್ಲಿ ದೊಡ್ಡದು. ನನ್ನ ಚಿತ್ರದಲ್ಲಿ ಅಂಥ ಹಿತ ಯಾವುದೂ ಇರಲಿಲ್ಲ. ಒಬ್ಬರ ದೇಹದ ಖಾಸಗಿ ವಿಷಯವಿತ್ತು, ನನ್ನ ಅಂಕವಿತ್ತು, ನನ್ನ ಪೋರ್ಟ್‌ಫೋಲಿಯೊ ಇತ್ತು.

ಕಾನೂನು ಏನೆನ್ನುತ್ತದೆ ಎಂದೂ ನೋಡಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಆರೋಗ್ಯದ ಮಾಹಿತಿಗೆ ಅಲ್ಲಿ ವಿಶೇಷ ರಕ್ಷಣೆಯಿದೆ. ಅದೇ ಕಾನೂನು ಪತ್ರಿಕೋದ್ಯಮಕ್ಕೂ ಕಲೆಗೂ ವಿನಾಯಿತಿಗಳಿಗೆ ಜಾಗ ಬಿಟ್ಟಿದೆ. ಅಂದರೆ ಕಾನೂನು ಓದಿಯೂ ನಿರ್ಧಾರ ನನ್ನ ಹತ್ತಿರವೇ ಉಳಿಯಿತು.

ಸಾಕ್ಷ್ಯಚಿತ್ರದ ಇತಿಹಾಸದಲ್ಲಿ ಈ ಜಗ್ಗಾಟ ಹಳೆಯದು. ಅಮೆರಿಕದ ಫ್ರೆಡರಿಕ್ ವೈಸ್‌ಮನ್ 1967ರಲ್ಲಿ ಮ್ಯಾಸಚೂಸೆಟ್ಸ್‌ನ ಸರ್ಕಾರಿ ಸಂಸ್ಥೆಯೊಂದರಲ್ಲಿದ್ದ ಮಾನಸಿಕ ರೋಗಿ ಕೈದಿಗಳ ಬಗ್ಗೆ ಮಾಡಿದ ‘ಟಿಟಿಕಟ್ ಫಾಲೀಸ್’ ಚಿತ್ರವನ್ನು, ಒಳಗಿದ್ದವರ ಖಾಸಗಿತನದ ಕಾರಣ ಕೊಟ್ಟು, ಸಾಮಾನ್ಯ ಪ್ರೇಕ್ಷಕರಿಗೆ ತೋರಿಸದಂತೆ ನ್ಯಾಯಾಲಯ ತಡೆಯಿತು. ಆ ತಡೆ ತೆರವಾದದ್ದು 1991ರಲ್ಲಿ. ಅಲ್ಲಿ ಖಾಸಗಿತನದ ಹೆಸರಿನಲ್ಲಿ ಸಂಸ್ಥೆಯ ಕ್ರೌರ್ಯವೂ ಮರೆಯಾಗುತ್ತಿತ್ತು, ಆದ್ದರಿಂದ ಆ ಪ್ರಕರಣ ನನ್ನದಕ್ಕೆ ಉತ್ತರವಾಗಲಾರದು. ಆದರೆ ಯಾರ ಖಾಸಗಿತನ, ಯಾರ ಲಾಭಕ್ಕೆ ಎಂದು ಕೇಳಬೇಕೆಂಬುದನ್ನು ಅದರಿಂದ ಕಲಿತೆ. ನನಗೆ ಇನ್ನೂ ಹತ್ತಿರವೆನಿಸಿದ್ದು ಫ್ರಾನ್ಸಿನ ಜಾನ್ ರೂಷ್ ಹಿಡಿದ ದಾರಿ. ಸಮಾಜಶಾಸ್ತ್ರಜ್ಞ ಎಡ್ಗರ್ ಮೊರಾನ್ ಜೊತೆ ಅವರು 1961ರಲ್ಲಿ ಹೊರತಂದ ಚಿತ್ರದಲ್ಲಿ ಭಾಗವಹಿಸಿದವರಿಗೇ ಚಿತ್ರಿಕೆಗಳನ್ನು ತೋರಿಸಿ, ಅವರ ಚರ್ಚೆಯನ್ನೂ ಚಿತ್ರದೊಳಗೆ ಸೇರಿಸಿದರು. ರಫ್ ಕಟ್ ತೋರಿಸುವ ಪದ್ಧತಿಯನ್ನು ನಾನು ಅಲ್ಲಿಂದಲೇ ತಂದುಕೊಂಡದ್ದು. ತೋರಿಸಿ ಅಭಿಪ್ರಾಯ ಕೇಳಿದ ಮೇಲೆ ಬಂದ ಉತ್ತರವನ್ನು ಒಪ್ಪಲಾರೆ ಎಂದರೆ ತೋರಿಸಿದ್ದಕ್ಕೆ ಏನು ಬೆಲೆ?

ಮುಖ ಮಸುಕು ಮಾಡುವ ದಾರಿಯೂ ಇತ್ತು. ಒಂದು ಅನುಕ್ರಮಕ್ಕೆ ಮಾಡಿ ನೋಡಿದೆ. ಮುಖ ಮಸುಕಾದ ಕೂಡಲೇ ಅವರು ಏನೋ ಅಪರಾಧ ಮಾಡಿದವರಂತೆ ಕಂಡರು. ಮೇಲಾಗಿ ನಡಿಗೆ, ದನಿ, ಕೈಯ ಚಲನೆ ಬಲ್ಲವರಿಗೆ ಗುರುತು ಸಿಗಲು ಮುಖ ಬೇಕಿಲ್ಲ. ಅದನ್ನು ಅಲ್ಲೇ ಬಿಟ್ಟೆ. ಸಲ್ಲಿಕೆಗೆ ಮಾತ್ರ ಹಳೆಯ ಚಿತ್ರ ಕೊಟ್ಟು, ಹೊರಗೆ ತೋರಿಸದೆ ಇಡಬಹುದಲ್ಲ ಎಂಬ ಸಲಹೆಯೂ ಬಂತು. ಸಲ್ಲಿಸಿದ ಚಿತ್ರ ಸಂಸ್ಥೆಯ ಸಂಗ್ರಹಕ್ಕೆ ಸೇರುತ್ತದೆ, ಮುಂದಿನ ತರಗತಿಗಳಿಗೆ ತೋರಿಸಲಾಗುತ್ತದೆ. ಅದೂ ಹೊರಗೆ ಬಂದಂತೆಯೇ.

ನನ್ನ ಮಾರ್ಗದರ್ಶಕರು ಹೀಗೆ ಮಾಡು ಎನ್ನಲಿಲ್ಲ. ‘ಅವರಿಲ್ಲದೆ ಹೋದರೆ ಈ ಚಿತ್ರದಲ್ಲಿ ಇನ್ನೂ ನೋಡುತ್ತಿರುವವರು ಯಾರು?’ ಎಂದಷ್ಟೇ ಕೇಳಿದರು. ಟಿಪ್ಪಣಿ ಪುಸ್ತಕ ತೆರೆದದ್ದು ಆಗ.

ಮತ್ತೆ ಕಟ್ಟಿದ್ದು

ಮೊದಲು ಆ ಮಹಿಳೆ ಇದ್ದ ಪ್ರತಿ ತುಣುಕನ್ನೂ ಎಡಿಟಿಂಗ್ ಟೈಮ್‌ಲೈನಿನಿಂದ ತೆಗೆದೆ. ಉಳಿದದ್ದನ್ನು ಆರಂಭದಿಂದ ನೋಡುತ್ತ ಬಂದಂತೆ ಒಂದು ವಿಷಯ ಸ್ಪಷ್ಟವಾಯಿತು. ತಂತ್ರಜ್ಞರು ನೋಡುತ್ತಿರುವ, ಕೇಳಿಸಿಕೊಳ್ಳುತ್ತಿರುವ ಶಾಟ್‌ಗಳು ಬೇಕಾದಷ್ಟಿದ್ದವು. ಮೊದಲ ಕಟ್‌ನಲ್ಲಿ ಅವು ಒಂದೆರಡು ಸೆಕೆಂಡಿನ ಜೋಡಣೆಗೆ ಬಳಸಿದ ತುಣುಕುಗಳು. ಕಚ್ಚಾ ಚಿತ್ರಿಕೆಯಲ್ಲಿ ಅವು ನಿಮಿಷಗಟ್ಟಲೆ ಇದ್ದವು, ಏಕೆಂದರೆ ತಂತ್ರಜ್ಞರ ಕಣ್ಣು ನಡೆಯುವವರ ಹಿಂದೆ ಸಾಗುವಷ್ಟು ಹೊತ್ತು ನಾನು ರೆಕಾರ್ಡ್ ನಿಲ್ಲಿಸಿರಲಿಲ್ಲ.

ಆ ಮುಖವನ್ನು ಕತ್ತರಿಸದೆ ಇಟ್ಟು ನೋಡಿದೆ. ಮೊದಲು ಕಣ್ಣು ಪಾದದ ಮೇಲೆ. ಆಮೇಲೆ ಸೊಂಟಕ್ಕೆ ಏರುತ್ತದೆ. ಹುಬ್ಬು ಸ್ವಲ್ಪ ಗಂಟಿಕ್ಕುತ್ತದೆ. ತಲೆ ಒಂದು ಕಡೆಗೆ ವಾಲುತ್ತದೆ. ನೋಡುವುದನ್ನು ಬಿಟ್ಟು ಕೇಳುತ್ತಿದ್ದಾರೆ. ಸಂದರ್ಶನದಲ್ಲಿ ಅವರೇ ಹೇಳಿದ್ದರು: ‘ಎರಡು ಹೆಜ್ಜೆ ಒಂದೇ ತೂಕದಲ್ಲಿ ಬೀಳಬೇಕು. ಒಂದು ಬೇಗ ಬಿದ್ದು ಇನ್ನೊಂದು ತಡವಾದರೆ, ಎಲ್ಲೋ ನೋಯ್ತಿದೆ ಅಂತ. ಅವರು ಹೇಳೋಕೆ ಮುಂಚೆ ನೆಲ ಹೇಳುತ್ತೆ.’ ಮೊದಲ ಕಟ್‌ನಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ. ನಡೆಯುವವರು ಕಣ್ಣೆದುರೇ ಇದ್ದಾಗ ಹೆಜ್ಜೆಯ ಬಗ್ಗೆ ಯಾರ ಮಾತೂ ಬೇಕಿರಲಿಲ್ಲ.

ಈಗ ಸದ್ದು ಬೇಕಾಯಿತು. ಬೂಮ್ ಮೈಕ್ ನೆಲದ ಕಡೆಗಿದ್ದುದರಿಂದ ಹೆಜ್ಜೆಗಳೆಲ್ಲ ಅಲ್ಲಿದ್ದವು. ಆದರೆ ಅವು ಆ ಮಹಿಳೆಯ ಹೆಜ್ಜೆಗಳು. ಕೇಳದೆ ಬಳಸುವಂತಿರಲಿಲ್ಲ. ಮಾತು, ಉಸಿರು, ಹೆಸರು ಕರೆಯುವ ದನಿ ಯಾವುದೂ ಇಲ್ಲದೆ ಬರೀ ನೆಲದ ಸದ್ದಿನ ಒಂದು ತುಣುಕು ಮಾಡಿ, ಭೇಟಿಯಾಗಿ, ಹೆಡ್‌ಫೋನಿನಲ್ಲಿ ಕೇಳಿಸಿದೆವು. ಅವರು ಎರಡು ಸಲ ಕೇಳಿದರು. ‘ಇದು ಇರಲಿ. ಇದರಲ್ಲಿ ನಾನಿದ್ದೀನಿ ಅಂತ ನನಗೆ ಮಾತ್ರ ಗೊತ್ತಾಗುತ್ತೆ’ ಎಂದರು. ಈ ಅನುಮತಿಯನ್ನೂ ಬರೆದಿಟ್ಟುಕೊಂಡೆವು: ಈ ಸದ್ದು, ಈ ಚಿತ್ರಕ್ಕೆ, ಇಷ್ಟೇ.

ಹೊಸ ಚಿತ್ರ 14 ನಿಮಿಷದ್ದು. ಅದರ ನಡುವೆ ಸುಮಾರು ನಾಲ್ಕು ನಿಮಿಷದ ಒಂದು ದೃಶ್ಯವಿದೆ. ಅದರಲ್ಲಿ ತಂತ್ರಜ್ಞರ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ; ಚೌಕಟ್ಟಿನ ಹೊರಗೆ ಯಾರೋ ನಡೆಯುತ್ತಾರೆ. ಹಿಂದಿನ ದೃಶ್ಯದಲ್ಲಿ ಪ್ಲಾಸ್ಟರ್ ಉಜ್ಜುತ್ತಿರುವಾಗಲೇ ಹೆಜ್ಜೆಯ ಸದ್ದು ಶುರುವಾಗುತ್ತದೆ, ಆಮೇಲೆ ಮುಖ ಬರುತ್ತದೆ. ಸದ್ದಿನ ತುಣುಕುಗಳ ನಡುವಿನ ತೇಪೆ ಕಾಣದಂತೆ ಮಾಡಿದ್ದು ಕೋಣೆಯ ಮೌನದ ಆ ಒಂದು ನಿಮಿಷ. ಹೆಜ್ಜೆ ಮೊದಲು ಏರುಪೇರಾಗಿರುತ್ತದೆ. ತಂತ್ರಜ್ಞರು ಎದ್ದು ಹೊರಗೆ ಹೋಗುತ್ತಾರೆ, ಖಾಲಿ ಕುರ್ಚಿ ಉಳಿಯುತ್ತದೆ, ತಿರುಪು ಬಿಗಿಯುವ ಸದ್ದು ಕೇಳುತ್ತದೆ, ಅವರು ಮರಳಿ ಬಂದು ಕೂರುತ್ತಾರೆ. ಮತ್ತೆ ಹೆಜ್ಜೆ.

ಇದು ಮೊದಲಿನದಕ್ಕಿಂತ ಒಳ್ಳೆಯ ಚಿತ್ರವೇ? ಮೊದಲ ಕಟ್‌ನಲ್ಲಿದ್ದ ಒಂದು ಬಗೆಯ ಸಂತೋಷ ಇದರಲ್ಲಿಲ್ಲ. ಅದನ್ನು ಕಳೆದುಕೊಂಡದ್ದು ನಿಜವಾದ ನಷ್ಟ. ಪರೀಕ್ಷಕರೊಬ್ಬರು ನಡೆಯುವವರನ್ನು ಒಮ್ಮೆಯಾದರೂ ನೋಡಬೇಕಿತ್ತು ಎಂದರು; ಆ ಮಾತು ನ್ಯಾಯವಾದದ್ದೇ. ಆದರೆ ನಾನು ಮಾಡಬೇಕೆಂದು ಹೊರಟಿದ್ದು ಗಮನವಿಟ್ಟು ನೋಡುವುದರ ಬಗ್ಗೆ. ಆ ವಿಷಯಕ್ಕೆ ಈ ಕಟ್ ಹೆಚ್ಚು ಹತ್ತಿರವಿದೆ.

ಅಳಿಸುವುದೂ ಕೆಲಸವೇ

ಚಿತ್ರದಿಂದ ತೆಗೆದ ಮೇಲೆ ಕಚ್ಚಾ ಚಿತ್ರಿಕೆಯನ್ನು ಏನು ಮಾಡುವುದು? ತರಗತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಫೂಟೇಜ್ ಕಳೆದುಹೋಗಬಾರದೆಂದು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ನಿಯಮ ಪಾಲಿಸುತ್ತೇವೆ. ಕಳೆಯಲೇಬೇಕಾದಾಗ ಆ ಎಚ್ಚರಿಕೆಯೇ ತೊಡಕು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ತೆಗೆದರೆ ಗಂಟೆಗೆ 45 ಗಿಗಾಬೈಟ್. ಅಷ್ಟು ದೊಡ್ಡ ಫೈಲುಗಳು ಎಲ್ಲಿವೆಯೆಂದು ಮರೆಯುವುದಿಲ್ಲ, ಅವನ್ನು ಹುಡುಕುವುದು ಸುಲಭ. ಕಷ್ಟವಿರುವುದು ಸಣ್ಣವುಗಳಲ್ಲಿ. ಎಡಿಟಿಂಗಿಗೆ ಮಾಡಿಕೊಂಡ ಸಣ್ಣ ಗಾತ್ರದ ಪ್ರಾಕ್ಸಿ ಫೈಲುಗಳು, ಸಾಫ್ಟ್‌ವೇರ್ ತಾನಾಗಿ ಉಳಿಸಿದ ತಾತ್ಕಾಲಿಕ ಕ್ಯಾಷ್ ಫೈಲುಗಳು, ಮಾರ್ಗದರ್ಶಕರಿಗೆ ಕಳಿಸಿದ ಹಳೆಯ ಕಟ್‌ನ ಲಿಂಕು, ಸಂದರ್ಶನದ ಅಕ್ಷರಪ್ರತಿ, ಫೋನಿನಲ್ಲಿ ತೆಗೆದ ಸ್ಥಿರಚಿತ್ರ, ಸಹಪಾಠಿಯ ರೆಕಾರ್ಡರಿನಲ್ಲಿದ್ದ ಮೂಲ ಸದ್ದು. ಫೈಲಿನ ಹೆಸರುಗಳಲ್ಲೂ ಆ ಮಹಿಳೆಯ ಹೆಸರಿತ್ತು. ಪ್ರತಿಯೊಂದನ್ನೂ ಪಟ್ಟಿ ಮಾಡಿ ಅಳಿಸಿ, ಪಟ್ಟಿಯನ್ನು ಅವರಿಗೆ ತೋರಿಸಿದೆ.

ಅಳಿಸುವ ಮುಂಚೆ ಆ ಭಾಗದ ಒಂದು ಪ್ರತಿ ಅವರಿಗೆ ಬೇಕೇ ಎಂದು ಕೇಳಿದ್ದೆ. ಬೇಕು ಎಂದರು. ಆ ಶಾಟ್ ಈಗಿರುವುದು ಅವರ ಹತ್ತಿರ ಮಾತ್ರ.

ಪೋರ್ಟ್‌ಫೋಲಿಯೊ

ಆವರೆಗೆ ನನ್ನ ಪೋರ್ಟ್‌ಫೋಲಿಯೊ ಎಂದರೆ ಎರಡು ನಿಮಿಷದ ಶೋರೀಲ್: ಚೆಂದದ ಶಾಟ್‌ಗಳು, ಹಿಂದೆ ಸಂಗೀತ. ಜಾಹೀರಾತಿನ ಕ್ಯಾಮೆರಾ ಕೆಲಸಕ್ಕೆ ಅದು ಸರಿ, ಅಲ್ಲಿ ಕೇಳುವುದೇ ಅದನ್ನು. ಸಾಕ್ಷ್ಯಚಿತ್ರಕ್ಕೆ ಅದರಿಂದ ಗೊತ್ತಾಗುವುದು ಬಹಳ ಕಡಿಮೆ. ಈ ವಿದ್ಯಾರ್ಥಿ ಜನರ ಎದುರು ಹೇಗೆ ನಿಲ್ಲುತ್ತಾನೆ, ಎಲ್ಲಿಯವರೆಗೆ ಕಾಯುತ್ತಾನೆ, ಯಾವಾಗ ಕತ್ತರಿಸುತ್ತಾನೆ ಎಂಬ ಪ್ರಶ್ನೆಗಳಿಗೆ ಮೂರು ಸೆಕೆಂಡಿನ ಶಾಟ್‌ಗಳಲ್ಲಿ ಉತ್ತರ ಸಿಗುವುದಿಲ್ಲ.

ಅದನ್ನು ಪೂರ್ತಿ ಬದಲಿಸಿದೆ. ಮೊದಲಲ್ಲಿ ಆ ನಾಲ್ಕು ನಿಮಿಷದ ದೃಶ್ಯ, ಇಡಿಯಾಗಿ. ಆಮೇಲೆ 14 ನಿಮಿಷದ ಚಿತ್ರ. ಅದರ ಕೆಳಗೆ ಒಂದು ಪುಟದ ಟಿಪ್ಪಣಿ: ಯಾವ ಕೆಲಸ ನಾನು ಮಾಡಿದ್ದು, ಯಾವುದು ಸಹಪಾಠಿಯದು. ವಿದ್ಯಾರ್ಥಿ ಚಿತ್ರಗಳಲ್ಲಿ ಎಲ್ಲರೂ ಎಲ್ಲವನ್ನೂ ಮಾಡಿರುತ್ತಾರೆ, ಆದ್ದರಿಂದ ಪ್ರತಿಯೊಬ್ಬರೂ ಎಲ್ಲವನ್ನೂ ತಮ್ಮದೆಂದು ತೋರಿಸಿಕೊಳ್ಳುವ ರೂಢಿಯಿದೆ. ನೋಡುವವರಿಗೆ ಅದು ತಿಳಿಯುತ್ತದೆ. ಬೂಮ್ ನೆಲದ ಕಡೆ ಹಿಡಿದದ್ದು ಅವಳ ಯೋಚನೆ ಎಂದು ನನ್ನ ಪೋರ್ಟ್‌ಫೋಲಿಯೊದಲ್ಲಿ ಬರೆದದ್ದರಿಂದ ನನಗೆ ನಷ್ಟವಾಗಲಿಲ್ಲ. ಜೊತೆಗಾರರ ಮಾತು ಕೇಳುವ ನಿರ್ದೇಶಕ ಎಂಬುದೂ ಅದರಿಂದ ಗೊತ್ತಾಯಿತು.

ತೆಗೆದುಹಾಕಿದ ಶಾಟನ್ನು ಪಾಸ್‌ವರ್ಡ್ ಇರುವ ಲಿಂಕಿನಲ್ಲಿ ಆಯ್ಕೆ ಸಮಿತಿಗಷ್ಟೇ ತೋರಿಸಿದ್ದರೆ ಆಗುತ್ತಿತ್ತಲ್ಲ ಎಂದು ಗೆಳೆಯರು ಆಮೇಲೂ ಕೇಳಿದ್ದುಂಟು. ಆಯ್ಕೆ ಸಮಿತಿಯಲ್ಲಿರುವವರೂ ಜನರೇ. ಅವರಲ್ಲೊಬ್ಬರು ನಾಳೆ ಆ ಮಹಿಳೆಯ ಹೊಸ ಕೆಲಸದ ಜಾಗದಲ್ಲಿ ಎದುರಾಗಬಹುದು. ತೋರಿಸಬಾರದೆಂದರೆ ತೋರಿಸಬಾರದು.

ಒಂದು ಸಂದರ್ಶನದಲ್ಲಿ, ನಡೆಯುವವರು ಚಿತ್ರದಲ್ಲಿ ಏಕಿಲ್ಲ ಎಂದು ಕೇಳಿದರು. ಭಾಗವಹಿಸಿದವರೊಬ್ಬರು ಹಿಂದೆ ಸರಿದರು, ಕಾರಣ ಅವರದು, ನಾವು ಚಿತ್ರವನ್ನು ಮತ್ತೆ ಕಟ್ಟಿದೆವು ಎಂದಷ್ಟೇ ಹೇಳಿದೆ. ಅಲ್ಲಿಂದ ಮಾತು ಶಾಟ್‌ಗಳ ಬಗ್ಗೆ ಹೋಗಲಿಲ್ಲ. ಹೇಗೆ ಕೇಳಿದಿರಿ, ಏನು ಅಳಿಸಿದಿರಿ, ಸದ್ದಿಗೆ ಅನುಮತಿ ಹೇಗೆ ಪಡೆದಿರಿ ಎಂಬುದರ ಸುತ್ತಲೇ ಉಳಿದ ಹೊತ್ತು ಕಳೆಯಿತು.

ಈಗ ನಾನು ಬಳಸುವ ಒಪ್ಪಿಗೆ ಪತ್ರ ಎರಡು ಹಂತದ್ದು. ಮೊದಲನೆಯದು ಚಿತ್ರೀಕರಣಕ್ಕೆ. ಎರಡನೆಯದು ರಫ್ ಕಟ್ ನೋಡಿದ ಮೇಲೆ. ಅದರಲ್ಲಿ ತರಗತಿಯ ಪ್ರದರ್ಶನ, ಚಿತ್ರೋತ್ಸವ, ಅಂತರ್ಜಾಲ, ನನ್ನ ಪೋರ್ಟ್‌ಫೋಲಿಯೊ ನಾಲ್ಕಕ್ಕೂ ಬೇರೆ ಬೇರೆ ಸಾಲುಗಳಿವೆ. ಒಂದಕ್ಕೆ ಹೂಂ ಎಂದು ಇನ್ನೊಂದಕ್ಕೆ ಬೇಡ ಎನ್ನಬಹುದು. ಯಾವ ದಿನಾಂಕದವರೆಗೆ ಹಿಂದೆ ಸರಿಯಬಹುದು ಎಂಬುದೂ ಅದರಲ್ಲಿದೆ, ಏಕೆಂದರೆ ಚಿತ್ರೋತ್ಸವಕ್ಕೆ ಹೋದ ಪ್ರತಿಯನ್ನು ಹಿಂದಕ್ಕೆ ತರುವೆನೆಂದು ನಾನು ಮಾತು ಕೊಡಲಾರೆ. ಹೊಸ ಚಿತ್ರದ ಎಡಿಟಿಂಗ್ ಈಗ ನಡೆಯುತ್ತಿದೆ. ಅದರಲ್ಲಿ ಭಾಗವಹಿಸಿದ ಒಬ್ಬರು ಎರಡನೇ ಹಂತದಲ್ಲಿ ಚಿತ್ರೋತ್ಸವಕ್ಕೆ ಒಪ್ಪಿ, ಅಂತರ್ಜಾಲಕ್ಕೆ ಬೇಡ ಎಂದಿದ್ದಾರೆ. ಅಂತರ್ಜಾಲದ ಕಟ್ಟನ್ನು ಬೇರೆಯಾಗಿ ಮಾಡುತ್ತಿದ್ದೇನೆ.